ವಿಮೆಗೆ ನಿಂತ ಹಳೇ ಕಾರು, ಕಾರಿಗೆ ನಿಂತ ನಲ್ಲಪ್ಪ

ಬೆಳಗಿನ ಐದೂವರೆ. ಚಿಂತಾಮಣಿಯ ವಕೀಲ ಅನಂತರಾಮಯ್ಯನವರ ಕಾರು ಶೆಡ್ಡಿನಲ್ಲಿ ಮೆಕ್ಯಾನಿಕ್ ನಲ್ಲಪ್ಪ ಸೀಮೆಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರಿನಿಂದ ಇಂಜಿನ್ನಿನ ಪಕ್ಕೆ ಉಜ್ಜುತ್ತಿದ್ದಾರೆ. ಅಲ್ಲಿ ಕೊರೆದಿರುವ ನಂಬರು ಕಾಣಬೇಕು. ಕಾಣುವುದು ಹೇಗೆ? ಮೂವತ್ತೆರಡನೇ ಇಸವಿಯ ಈ ವಿಲಾಯಿತಿ ಕಾರಿಗೆ ಪ್ರತಿ ಆಯುಧಪೂಜೆಯಲ್ಲೂ ಅರಿಸಿನ ಕುಂಕುಮ ಬಿದ್ದದ್ದು ಅಲ್ಲಿಗೇ! ಈಗ ಅರವತ್ತನಾಲ್ಕನೇ ಇಸವಿ. ಅಷ್ಟೂ ವರ್ಷದ ಭಕ್ತಿ ಎಣ್ಣೆಜಿಡ್ಡಿನೊಡನೆ ಸೇರಿ ಕಲ್ಲಾಗಿ ಕೂತಿದೆ.

“ಮೆಲ್ಲಗೆ ನಲ್ಲಪ್ಪ, ದೇವರ ಕುಂಕುಮ,” ಎನ್ನುತ್ತಾರೆ ವಕೀಲರ ಪತ್ನಿ ವೆಂಕಟಲಕ್ಷ್ಮಮ್ಮ.

“ನಂಬರ್ ಕಾಣ್ದೆ ಹೋದ್ರೆ ದೇವರೇ ಬಂದು ಹೇಳಿದ್ರೂ ವಿಮೆಯವರು ಒಪ್ಪಲ್ಲ ಅಮ್ಮಾವ್ರೇ!”

ಹತ್ತು ಗಂಟೆಗೆ ಬೆಂಗಳೂರಿನಿಂದ ವಿಮಾ ಕಂಪನಿಯ ಪರೀಕ್ಷಕರು ಬರುತ್ತಾರೆ. ಇಷ್ಟು ಹಳೆಯ ಗಾಡಿಗೆ ವಿಮೆ ಬೇಕೆಂದರೆ ನಂಬರು ಕಾರಿನ ನೋಂದಣಿ ಪುಸ್ತಕಕ್ಕೆ ಹೊಂದಬೇಕು, ಬಾಡಿಗೆಗೆ ಓಡಿಸಿರಬಾರದು, ಒಳಗಿನದೆಲ್ಲ ಕಾರು ಕಂಪನಿ ಮಾಡಿದ್ದೇ ಆಗಿರಬೇಕು. ವಿಮೆಯಿಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಸಿಗದಿದ್ದರೆ ಗುಜರಿಗೆ ಎಂದು ವಕೀಲರು ಹೇಳಿಬಿಟ್ಟಿದ್ದಾರೆ.

“ಇದು ಹೋದ್ರೆ ನಮ್ಮನೇಲಿ ಒಬ್ರು ಹೋದಂಗೆ ಸ್ವಾಮಿ,” ಎನ್ನುತ್ತಾರೆ ನಲ್ಲಪ್ಪ, ಪತ್ರಿಕೆಗೆ ಬರೆಯಲು ಬಂದಿರುವ ನನ್ನೊಡನೆ. ಅಂಬಾಜಿದುರ್ಗದ ಕೆಳಗಿನ ಹಳ್ಳಿಯವರು, ಐವತ್ತು ದಾಟಿದೆ. ಕಾರು ಬಂದ ವರ್ಷ ತೊಳೆಯಲು ಸೇರಿದವರು ಬಿಚ್ಚಿ ಜೋಡಿಸುವುದನ್ನೂ ಇದರಲ್ಲೇ ಕಲಿತರು. ಈಗ ಬಸ್‌ಸ್ಟ್ಯಾಂಡಿನ ಹುಣಸೆಮರದಡಿ ಕೆಲಸ. ದಿನಕ್ಕೆ ಎರಡು ಬಸ್ಸು, ಮೂರೋ ನಾಲ್ಕೋ ನೀರೆತ್ತುವ ಇಂಜಿನ್ನು. ಎಡಗೈಯ ಎರಡು ಬೆರಳು ಫ್ಯಾನ್‌ಬೆಲ್ಟಿಗೆ ಸಿಕ್ಕಿ ಹೋಗಿವೆ. ಶಿಡ್ಲಘಟ್ಟ, ಗೌರಿಬಿದನೂರಿನಿಂದಲೂ ಹುಡುಕಿಕೊಂಡು ಬರುತ್ತಾರೆ. ಗಾಡಿ ಓಡಿದ ಮೇಲೆ ಹೆಸರು ಮಾತ್ರ ಡ್ರೈವರಿಗೆ. ನನಗೇ ಹೊಟ್ಟೆ ಉರಿಯುತ್ತದೆ, ಅವರಿಗಿಲ್ಲ.

ಪರೀಕ್ಷಕರು ಬರುತ್ತಾರೆ. ನಂಬರು ಹೊಂದುತ್ತದೆ. “ರಾ ತಲ್ಲೀ, ಲೇ”, ಬಾ ತಾಯಿ, ಏಳು, ಎಂದು ತೆಲುಗಿನಲ್ಲಿ ಗೋಗರೆಯುತ್ತ ನಲ್ಲಪ್ಪ ಹ್ಯಾಂಡಲ್ ತಿರುಗಿಸಿದರೆ ಎರಡನೇ ಸುತ್ತಿಗೇ ಇಂಜಿನ್ ಏಳುತ್ತದೆ. ಇಳಿಜಾರಿನಲ್ಲಿ ಬ್ರೇಕು ಗಟ್ಟಿಯಾಗಿ ಹಿಡಿಯುತ್ತದೆ.

“ಎಲ್ಲ ಕಂಪನಿಯದ್ದೇನಾ?” ಎಂದು ಪರೀಕ್ಷಕರು ಕೇಳುತ್ತಾರೆ. ವಕೀಲರು ಹೂಂ ಎನ್ನುತ್ತಾರೆ.

“ಒಂದು ಮಾತ್ರ ಅಲ್ಲ ಸ್ವಾಮಿ,” ಎಂದುಬಿಡುತ್ತಾರೆ ನಲ್ಲಪ್ಪ. “ಬ್ರೇಕ್ ಎಳೆಯೋ ಸರಳು ಮುರ್ದಿತ್ತು. ಯುದ್ಧದ ಟೈಮು, ವಿಲಾಯ್ತಿ ಸಾಮಾನು ಬರ್ತಿರ್ಲಿಲ್ಲ. ಕುಲುಮೇಲಿ ಕೂತು ನಾನೇ ಬಡ್ದು ಮಾಡ್ದೆ.”

ವಕೀಲರ ಮುಖ ಸಪ್ಪಗಾಗುತ್ತದೆ. ಅಯ್ಯೋ, ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ನನಗೂ ಅನ್ನಿಸುತ್ತದೆ.

“ಬ್ರೇಕಿನ ವಿಷ್ಯ, ಮುಚ್ಚಿಡಕ್ಕಾಗಲ್ಲ. ಜನ ಕೂತ್ಕೋತಾರೆ,” ಎನ್ನುತ್ತಾರೆ ನಲ್ಲಪ್ಪ.

ಪರೀಕ್ಷಕರು ಮತ್ತೆ ಕಾರಿನಡಿ ತೂರುತ್ತಾರೆ. ಸರಳನ್ನು ಸುತ್ತಿಗೆಯಿಂದ ತಟ್ಟಿ, ಎಳೆದು ನೋಡಿ ಕಾಲು ಗಂಟೆಯ ಮೇಲೆ ಹೊರಬರುತ್ತಾರೆ. “ಇಪ್ಪತ್ತು ವರ್ಷವಾಯ್ತೇನ್ರೀ? ಒಂದು ಬಿರುಕೂ ಇಲ್ಲ!” ಎನ್ನುತ್ತ ಫಾರಂ ತೆಗೆದು, ‘ತಯಾರಿಸಿದವರು’ ಎಂಬಲ್ಲಿ ಕಂಪನಿಯ ಹೆಸರಿನ ಕೆಳಗೆ ಬರೆದು ಗಟ್ಟಿಯಾಗಿ ಓದುತ್ತಾರೆ: “ಬ್ರೇಕ್ ಸರಳು, ನಲ್ಲಪ್ಪ, ಚಿಂತಾಮಣಿ. ವಿಮೆ ಕೊಡಬಹುದು.”

ವಕೀಲರು ಉಸಿರು ಬಿಡುತ್ತಾರೆ. ನಲ್ಲಪ್ಪ ಕೈ ಒರೆಸಿಕೊಂಡು ಹತ್ತಿರ ಬರುತ್ತಾರೆ.

“ಇನ್ನೊಂದ್ಸಲ ಓದಿ ಸ್ವಾಮಿ, ನನ್ನ ಹೆಸರಿರೋ ಕಡೆ.”