ಗ್ರೇಸ್ ಟೀಚರ್ ಬಲಗೈ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಹಾರ್ಮೋನಿಯಂ ರಿಪೇರಿ ನನ್ನ ಕಸುಬು. ಗಾಳಿ ಇಲ್ಲದೆ ಸ್ವರ ಹೊರಡುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗಲೂ ಹಾಗೇ ನಂಬಿದ್ದೇನೆ. ಇದೊಂದನ್ನು ಮಾತ್ರ ಏನೆಂದುಕೊಳ್ಳಬೇಕೋ ತಿಳಿಯುತ್ತಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಅಂಗಡಿ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿತ್ತು. ಗ್ರೇಸ್ ಟೀಚರ್ ಹರಿಹರದವರು, ರೈಲ್ವೆ ಗಾರ್ಡೊಬ್ಬರ ಮಗಳು. ಚರ್ಚಿನ ಹಳೆಯ ಪಿಯಾನೋದಲ್ಲಿ ಕಲಿತು, ಮುಂಬೈಗೆ ಹೋಗಿ, ಮೂವತ್ತು ವರ್ಷ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸಿದವರು. ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಪಿಯಾನೋವನ್ನು ಲಾರಿಗೆ ಹಾಕಿಸಿಕೊಂಡು ಊರಿಗೆ ಮರಳಿದ್ದರು.

ಅದನ್ನು ಶ್ರುತಿ ಮಾಡಲು ನನಗೆ ಕಲಿಸಿದವರೂ ಅವರೇ. ನಾನು ತಂತಿ ಬಿಗಿಯುವಾಗ ಕಣ್ಣು ಮುಚ್ಚಿ ಕೂತು, "ಇನ್ನೊಂದು ಕೂದಲೆಳೆ ಮ್ಯಾಲೆ ಹೋಗ್ಲಿ" ಎನ್ನುತ್ತಿದ್ದರು. ಸರಿಹೋದರೆ ಚಹಾ, ಬಿಸ್ಕತ್ತು. ತಪ್ಪಿದರೆ ಚಹಾವೂ ಇಲ್ಲ.

ಒಂದು ದಿನ ಫೋನ್ ಮಾಡಿದರು. "ಇದನ್ನ ಯಾರಿಗಾದ್ರೂ ಮಾರಿಬಿಡ್ರಿ. ಎಡಗೈಲಿ ಅರ್ಧ ಸಂಗೀತ ಬಾರ್ಸಿ ಸಾಕಾಗೈತೆ."

ಹುಬ್ಬಳ್ಳಿಯವರೊಬ್ಬರು ಕೊಳ್ಳಲು ಮುಂದೆ ಬಂದರು. ಮೊದಲು ಪಿಯಾನೋದ ದನಿ ಕೇಳಬೇಕು, ಕ್ಯಾಸೆಟ್ ಕಳಿಸಿ ಎಂದರು. ಟೇಪ್ ರೆಕಾರ್ಡರ್ ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೆ ಹರಿಹರಕ್ಕೆ ಹೋದೆ. ಹೊಸ ಕ್ಯಾಸೆಟ್ಟಿನ ಹೊದಿಕೆಯನ್ನು ನಾನೇ ಹರಿದೆ. ಮನೆಯಲ್ಲಿ ನಾವಿಬ್ಬರೇ. ಟೀಚರ್ ನಾಲ್ಕು ನಿಮಿಷ ಎಡಗೈಯಲ್ಲಿ ನುಡಿಸಿದರು. ಬಲಗೈ ಮಡಿಲಿನಲ್ಲಿತ್ತು. ನನಗೆ ಕೇಳಿಸಿದ್ದೂ ಎಡಗೈಯ ದನಿ ಮಾತ್ರ.

ಸರಿಯಾಗಿ ಬಂದಿದೆಯೇ ಎಂದು ನೋಡಲು ಕ್ಯಾಸೆಟ್ ಹಚ್ಚಿದೆ. ಎಡಗೈಯ ದಪ್ಪ ಸ್ವರಗಳ ಜೊತೆಗೆ ಇನ್ನೊಂದು ಕೈ, ತೆಳ್ಳಗೆ, ಚುರುಕಾಗಿ ನುಡಿಯುತ್ತಿತ್ತು! ನಡುವೆ ಒಂದು ಕಡೆ ಅದು ಚೂರು ಎಡವಿತು.

"ಅಲ್ಲೇ! ಉಂಗುರದ ಬೆರಳು," ಎಂದರು ಟೀಚರ್. "ಯಾವಾಗ್ಲೂ ಅಲ್ಲೇ ಜಾರ್ತಿತ್ತು. ನಂದೇ ಕೈ ರೀ ಅದು."

ನಾನು ಗಾಬರಿಯಿಂದ ಟೇಪ್ ನಿಲ್ಲಿಸಿದೆ. ಅವರಿಗೆ ಭಯವೇನೂ ಆದಂತಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಮೆಲ್ಲಗೆ ಸವರುತ್ತ ಅತ್ತರು.

"ಹೆಂಗಾತು ಟೀಚರ್ ಇದು?"

"ನಂಗೇನ್ ಗೊತ್ತು? ಮಾರೋದಿಲ್ಲ ಅಂತ ಅವ್ರಿಗೆ ಹೇಳ್ರಿ. ಈ ಕ್ಯಾಸೆಟ್ಟೂ ಕಳಿಸಬ್ಯಾಡ್ರಿ. ಬಲಗೈ ಇನ್ನೂ ಅಭ್ಯಾಸ ಮಾಡ್ಬೇಕು," ಎಂದು ಕಣ್ಣೊರೆಸಿಕೊಂಡು ನಕ್ಕುಬಿಟ್ಟರು.

ಮರುದಿನ ನಮ್ಮ ಪಕ್ಕದ ಅಂಗಡಿಯ ರೇಡಿಯೋ ರಿಪೇರಿಯ ಸಾಬರಿಗೆ ಕ್ಯಾಸೆಟ್ ಕೇಳಿಸಿದೆ. ರೆಕಾರ್ಡರನ್ನೂ ಬಿಚ್ಚಿ ನೋಡಿದರು. "ಕ್ಯಾಸೆಟ್ಟಿನಾಗ ಮೊದ್ಲೇ ಏನಾದ್ರೂ ಇದ್ರೂ ಹೊಸದು ರೆಕಾರ್ಡ್ ಮಾಡಿದ್ರೆ ಅಳಿಸಿಹೋಗ್ತೈತೆ. ಹಿಂಗ ತಾಳಕ್ಕೆ ತಾಳ ಕೂಡೋದಿಲ್ರಿ," ಎಂದರು. ಆಮೇಲೆ ಟೀಚರ್ ನುಡಿಸುವುದನ್ನು ಎಷ್ಟೋ ಸಲ ರೆಕಾರ್ಡ್ ಮಾಡಿದೆ. ಬರೀ ಎಡಗೈಯೇ ಬಂತು.

ಟೀಚರ್ ತೀರಿಹೋಗುವ ತನಕ ದಿನವೂ ನುಡಿಸುತ್ತಿದ್ದರು. ಒಮ್ಮೊಮ್ಮೆ ಎಡಗೈ ತಡೆದು, ತಲೆ ಓರೆ ಮಾಡಿ, ಒಂದೆರಡು ಕ್ಷಣ ಕಾದು ಮುಂದುವರಿಯುತ್ತಿದ್ದರು. ಆ ಹೊತ್ತಿನಲ್ಲಿ ನನಗೇನೂ ಕೇಳಿಸುತ್ತಿರಲಿಲ್ಲ. ನಿಮಗೆ ಕೇಳಿಸುತ್ತದೆಯೇ ಎಂದು ಅವರನ್ನು ವಿಚಾರಿಸುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.