ಇನ್ನೂರ ನಾಲ್ಕು ಯಾವ ಕಟ್ಟಡದ್ದು?

ಮಗಳು ಕಾಲೇಜು ಸೇರಿದ ಮೇಲೆ ನಾನು ಮತ್ತೆ ಪ್ರೋಗ್ರಾಮಿಂಗಿಗೆ ಇಳಿದೆ. ಠಾಣೆಯ ವಾಗ್ಳೆ ಎಸ್ಟೇಟಿನ ಸಣ್ಣ ಆಫೀಸು. ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವುದೋ ಬಿಡುವುದೋ ಹೇಳುತ್ತೇವೆ ಅಂದಿದ್ದರು. ಗಡುವು ಹತ್ತಿರ ಬಂದಂತೆ ನಾನು ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗಿದ್ದೆ.

ನಮ್ಮದು ಮನೆಮನೆಗೆ ಔಷಧ ಮುಟ್ಟಿಸುವವರ ಸಾಫ್ಟ್‌ವೇರ್. ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟ್ ಕಟ್ಟಡದ, ಹೆಸರು ಕೊಟ್ಟರೆ ಅಲ್ಲಿನ ಆರ್ಡರುಗಳೆಲ್ಲ ಬರಬೇಕು. ನಾನು ಬರೆದ ಪುಟ ಮಾತ್ರ ಗರಗರ ತಿರುಗುತ್ತಲೇ ಇರುತ್ತಿತ್ತು, ಬಿಪಿ ಮಾತ್ರೆಗೆ ಕಾದು ಕೂತ ಮುದುಕರು ಫೋನಿನಲ್ಲಿ ಬೈಯುತ್ತಿದ್ದರು. ಇಂಡೆಕ್ಸ್ ಹಾಕಿದ್ದೆನಲ್ಲ! ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಎಲ್ಲವನ್ನೂ ಓದದೆ ಡೇಟಾಬೇಸು ಬೇಕಾದ ಜಾಗಕ್ಕೇ ಹೋಗಲಿ ಎಂದು ಹಾಕುವುದು ಅದನ್ನು.

ಟೀಮ್ ಲೀಡರ್ ಉಡುಪಿ ಕಡೆಯ ಹುಡುಗ. ಹೇಗೆ ಹುಡುಕುತ್ತೀ ಎಂದು ಡೇಟಾಬೇಸನ್ನೇ ಕೇಳಿ ನನಗೆ ತೋರಿಸಿದ.

“ಇಂಡೆಕ್ಸ್ ಉಂಟು ಅಕ್ಕ. ಆದ್ರೆ ನೀವು ಹುಡುಕ್ಲಿಕ್ಕೆ ಬರೆದ ಕ್ವೆರಿ ಅದನ್ನು ಮುಟ್ಟುದೇ ಇಲ್ಲ.”

ಯಾಕೆಂದು ನೀವೇ ಯೋಚಿಸಿ ಎಂದು ಎದ್ದುಹೋದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಡೇಟಾಬೇಸು! ಸಿಟ್ಟಿಗೆ ಕೀಬೋರ್ಡು ಕುಟ್ಟಿದೆ.

ಭಾನುವಾರ ನಮ್ಮ ಮನೆಯಿರುವ ಡೊಂಬಿವಲಿಯಿಂದ ಬದಲಾಪುರಕ್ಕೆ, ನಾದಿನಿಯ ಹೊಸ ಮನೆಗೆ ಹೊರಟೆ. ಫ್ಲ್ಯಾಟ್ ಇನ್ನೂರ ನಾಲ್ಕು ಎಂಬುದಷ್ಟೇ ನೆನಪು, ಕಟ್ಟಡದ ಹೆಸರು ಮರೆತಿದ್ದೆ. ಅವಳ ಫೋನೂ ಹತ್ತಲಿಲ್ಲ. ಅಲ್ಲಿ ನೋಡಿದರೆ ಸಾಲು ಸಾಲು ಕಟ್ಟಡಗಳು, ಒಂದೊಂದರಲ್ಲೂ ಒಂದೊಂದು ಇನ್ನೂರ ನಾಲ್ಕು. ಹೋಳಿಗೆ ಡಬ್ಬಿ ಹಿಡಿದು ಹತ್ತಿ ಇಳಿದು, ಯಾರದೋ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಾಗ ತಟ್ಟನೆ ಹೊಳೆಯಿತು. ಕಾಗದದ ಮೇಲೆ ವಿಳಾಸ ಬರೆಯುವಂತೆ ನಾನು ಇಂಡೆಕ್ಸಿನಲ್ಲೂ ಮೊದಲು ಫ್ಲ್ಯಾಟು, ಆಮೇಲೆ ಕಟ್ಟಡದ ವಿಂಗು, ಕೊನೆಗೆ ಸೊಸೈಟಿ ಇಟ್ಟಿದ್ದೆ. ಹುಡುಕುವವರ ಕೈಯಲ್ಲಿ ಇರುವುದು ಸೊಸೈಟಿ ಮಾತ್ರ. ಮೊದಲನೆಯದೇ ಗೊತ್ತಿಲ್ಲದಿದ್ದರೆ ಆ ಇಂಡೆಕ್ಸು ಯಾವ ದಾರಿ ತೋರಿಸೀತು? ನಗು ತಡೆಯಲಾಗಲಿಲ್ಲ. ಬಾಗಿಲು ತೆರೆದ ಮರಾಠಿ ಅಜ್ಜಿ ಗಾಬರಿಯಾಗಿ ನೀರು ಕೊಟ್ಟರು.

ಸೋಮವಾರ ಸೊಸೈಟಿಯನ್ನು ಮೊದಲಿಗೆ ತಂದು ಇಂಡೆಕ್ಸ್ ಮತ್ತೆ ಕಟ್ಟಿದೆ. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಡೇಟಾಬೇಸು ಈಗ ಇಂಡೆಕ್ಸಿನ ದಾರಿಯನ್ನೇ ಹಿಡಿದಿತ್ತು. ಹುಡುಗ ನೋಡಿ, ಬರುವ ವರ್ಷ ಶುರುವಾಗುವ ಆಸ್ಪತ್ರೆ ಸಾಫ್ಟ್‌ವೇರಿನ ಕೆಲಸವನ್ನೂ ನೀವೇ ನೋಡಬೇಕಾಗುತ್ತದೆ ಅಂದ. ನನಗೆ ಕಣ್ಣು ತುಂಬಿಬಂತು.

“ಬರೋ ವರ್ಷಾನೂ ನಾ ಇಲ್ಲೇ ಇರ್ತೇನೇನಪಾ?” ಕೇಳಿಯೇ ಬಿಟ್ಟೆ.

“ಮತ್ತೆ?” ಅಂದ.

ಕೆಲಸ ಇರುತ್ತದೋ ಇಲ್ಲವೋ ಎಂದು ಇಷ್ಟು ದಿನ ರೈಲಿಗೆ ತಿಂಗಳ ಪಾಸನ್ನೇ ತೆಗೆಸುತ್ತಿದ್ದೆ. ಆ ಸಂಜೆ ಠಾಣೆ ಸ್ಟೇಶನ್ನಿನ ಕಿಟಕಿಯಲ್ಲಿ ವರ್ಷದ ಪಾಸು ಕೇಳಿದೆ.