ಬಿಸಿಲಿನ ಅಹವಾಲು

ದಾಂಡೇಲಿಯಲ್ಲಿ ನೆರಳಿಗೆ ಬರವಿಲ್ಲ. ಹೊರಗಿನಿಂದ ಬಂದವರು ಬಸ್ಸಿನಿಂದ ಇಳಿಯುತ್ತಲೇ ಮರಗಳನ್ನು ಹೊಗಳುತ್ತಾರೆ, ಎರಡು ದಿನ ಇದ್ದು ಕುಳಗಿ ಕಡೆ ಕಾಡು ನೋಡಿಕೊಂಡು ಹೋಗುತ್ತಾರೆ. ಇಲ್ಲಿ ಸಂಸಾರ ಮಾಡಿದವರನ್ನು ಕೇಳಬೇಕು. ನಮ್ಮ ಓಣಿಯ ಮೇಲೆ ಸಾಗುವಾನಿ, ಮಾವು, ಹಲಸು ಎಲ್ಲಾ ಸೇರಿ ಕೊಡೆ ಹಿಡಿದು ನಿಂತಿವೆ. ತೊಳೆದು ಹಾಕಿದ ಚಾದರ ಒಣಗಲು ಎರಡು ದಿನ ಬೇಕು. ಅಂಗಳದಲ್ಲಿ ಅಂಗೈಯಗಲ ಬಿಸಿಲು ಬಿದ್ದರೆ ಅದರ ಸಲುವಾಗಿ ಬೆಕ್ಕಿಗೂ ನನಗೂ ಜಗಳ.

ಸರಿಯಾಗಿ ಬಿಸಿಲು ಬೀಳುವ ಜಾಗ ಒಂದೇ, ಎದುರಿನ ಪಾರ್ಕಿನ ಕಟ್ಟೆ. ಯಾವ ಕಾಲದಲ್ಲೋ ಭಾಷಣಕ್ಕೆಂದು ಕಟ್ಟಿಸಿದ ಸಿಮೆಂಟಿನ ವೇದಿಕೆ ಅದು. ಭಾಷಣ ಮಾಡುವವರು ಬರುವುದನ್ನು ಬಿಟ್ಟರು, ನಮ್ಮ ಪಕ್ಕದ ಮನೆಯಾಕೆ ಅದರ ಮೇಲೆ ಸಂಡಿಗೆ ಹಾಕಲು ಹಿಡಿದಳು. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಶುರು ಮಾಡಿದ ಕೆಲಸ. ಶಿವರಾತ್ರಿ ಮುಗಿದ ಮೇಲೆ ಮಳೆ ಬರುವ ತನಕ, ನಸುಕಿನಲ್ಲಿ ಅಕ್ಕಿ ಹಿಟ್ಟು ಕುದಿಸಿ, ಕಟ್ಟೆಯ ಮೇಲೆ ಹಳೆಯ ಸೀರೆಗಳನ್ನು ಹಾಸಿ, ಒಂದೇ ಅಳತೆಯ ಸಂಡಿಗೆಯನ್ನು ಸಾಲಾಗಿ ಇಡುತ್ತಾಳೆ. ಜೊಯಿಡಾದ ಎರಡು ಅಂಗಡಿ, ಹಳಿಯಾಳದ ಒಂದು ಖಾನಾವಳಿ, ಉಳವಿ ದಾರಿಯ ಚಹಾದಂಗಡಿಗಳು ಅದಕ್ಕಾಗಿ ಕಾಯುತ್ತವೆ. ನಾಲ್ಕು ತಿಂಗಳ ಬಿಸಿಲಿನಲ್ಲಿ ಅವಳ ಮನೆ ಇಡೀ ವರ್ಷ ನಡೆಯುತ್ತದೆ. ಮಗಳ ಕಾಲೇಜೂ ಅದರಲ್ಲೇ.

ಕಳೆದ ದೀಪಾವಳಿ ಮುಗಿದ ಮೇಲೆ ನಗರಸಭೆಯವರು ಪಾರ್ಕಿನ ಗೇಟಿಗೆ ಒಂದು ನಕ್ಷೆ ಅಂಟಿಸಿದರು. ಪಾರ್ಕನ್ನು ಸುಧಾರಿಸುತ್ತಾರಂತೆ, ಸಾರ್ವಜನಿಕರು ಅಭಿಪ್ರಾಯ ಹೇಳಬೇಕಂತೆ. ನಮ್ಮ ಓಣಿಯ ನಿವೃತ್ತ ಫೋರಮನ್ನರು ಕನ್ನಡಕ ಏರಿಸಿ ಓದಿದರು. ನಡೆಯಲು ದಾರಿ, ಜೋಕಾಲಿ, ವ್ಯಾಯಾಮದ ಸಾಮಾನು. ಎಲ್ಲಾ ಚೆನ್ನಾಗಿತ್ತು. ಕಟ್ಟೆ ಇದ್ದ ಜಾಗದಲ್ಲಿ ಮಾತ್ರ ಒಂದು ನೀಲಿ ಗುಂಡು ಬರೆದಿದ್ದರು. ಕಾರಂಜಿ.

ಅಂದು ಸಂಜೆ ಪಕ್ಕದಾಕೆ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಅಕ್ಕೋರ, ಕಟ್ಟಿ ಹೋದ್ರ ನಾ ಎಲ್ಲಿ ಹೋಗ್ಲಿ?" ಎಂದಳು.

ಕನ್ನಡ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ನಾನು ನಿವೃತ್ತಳಾಗಿ ಮೂರು ವರ್ಷವಾದರೂ ಓಣಿಗೆಲ್ಲಾ ಅಕ್ಕೋರೇ. ಯಾರಾದರೂ ಹಾಗೆ ಕರೆದು ಕಷ್ಟ ಹೇಳಿಕೊಂಡರೆ ಮುಗಿಯಿತು, ನನಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಚಿಂತೆ ಬಿಡು, ನಾನಿದ್ದೇನೆ ಎಂದುಬಿಟ್ಟೆ.

ಒಂದೇ ತೊಡಕು. ಗೇಟಿನ ಪಕ್ಕದಲ್ಲೇ, ಉದ್ಯಾನದೊಳಗೆ ವ್ಯಾಪಾರ ಮಾಡಬಾರದೆಂಬ ಹಳೆಯ ಫಲಕವಿತ್ತು. ಕಟ್ಟೆ ಸಂಡಿಗೆಗೆ ಬೇಕು ಎಂದರೆ ಇದ್ದ ಜಾಗವೂ ಹೋದೀತು ಎಂದು ನಾವೆಲ್ಲಾ ಲೆಕ್ಕ ಹಾಕಿದೆವು. ಅದಕ್ಕೆ ನಮ್ಮ ಪಡಸಾಲೆಯಲ್ಲಿ ಸಭೆ ಕೂಡಿಸಿ, ಶಾಲೆಯ ಗ್ಯಾದರಿಂಗಿಗೆ ನಾಟಕ ಕಲಿಸಿದಂತೆ ಒಬ್ಬೊಬ್ಬರಿಗೆ ಮಾತು ಹಂಚಿದೆ. ಫೋರಮನ್ನರು ಯೋಗಾಸನದ ಬಗ್ಗೆ ಹೇಳಬೇಕು. ನಮ್ಮ ಮನೆಯವರು ಗಣಪತಿ ಹಬ್ಬದ ಕಾರ್ಯಕ್ರಮದ ಬಗ್ಗೆ ಹೇಳಬೇಕು. ಕಾಗದದ ಕಾರ್ಖಾನೆಯ ಮಷೀನಿನ ಸದ್ದಿಗೆ ಅವರ ಕಿವಿ ಅರ್ಧ ಮಂದವಾಗಿದೆ, ಆದ್ದರಿಂದ ಯಾರು ಏನೇ ಕೇಳಿದರೂ ಗಣಪತಿ ಬಿಟ್ಟು ಬೇರೆ ಮಾತಾಡಬಾರದೆಂದು ಎರಡು ಸಲ ತಾಕೀತು ಮಾಡಿದೆ. ಹಿರಿಯರ ವಿಷಯ ನನಗಿರಲಿ ಎಂದೆ. ಸಂಡಿಗೆ ಎಂಬ ಶಬ್ದವನ್ನು ಯಾರೂ ಎತ್ತಬಾರದು.

ಪಕ್ಕದಾಕೆ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ನಾನೇನು ಹೇಳಲಿ ಎಂದು ಕೇಳಿದಳು.

"ನೀ ಒಂದಕ್ಷರಾನೂ ಮಾತಾಡಬ್ಯಾಡ. ನಾ ಎಲ್ಲಾ ನೋಡ್ಕೋತೇನಿ," ಎಂದೆ. ಎಂಥ ಜಾಣೆ ನಾನು ಎಂದು ಆಗ ನನಗೇ ಅನಿಸಿತ್ತು.

ಅಭಿಪ್ರಾಯ ಕೇಳುವ ಸಭೆ ಪಾರ್ಕಿನಲ್ಲೇ ನಡೆಯಿತು. ಬಂದದ್ದು ಮುಂಡಗೋಡ ಕಡೆಯ ಒಬ್ಬ ಎಳೆಯ ವಯಸ್ಸಿನ ಇಂಜಿನಿಯರ್ ಹುಡುಗಿ, ಹೆಗಲಿಗೆ ಚೀಲ, ಕೈಯಲ್ಲಿ ದಪ್ಪ ವಹಿ. ಓಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಒಗ್ಗರಣೆ ಅವಲಕ್ಕಿ, ಚಹಾ ತಂದೆವು. ಕೈ ಹಿಡಿತದಲ್ಲಿರದ ಯಾರೋ ಒಬ್ಬರು ಅವಲಕ್ಕಿಯ ಮೇಲೆ ಕರಿದ ಸಂಡಿಗೆಯನ್ನೂ ಇಟ್ಟುಬಿಟ್ಟಿದ್ದರು. ಆ ಯಾರೋ ಎಂಬುವರು ನಾನೇ. ಹುಡುಗಿ ಒಂದು ಮುರಿದು ಬಾಯಿಗೆ ಹಾಕಿಕೊಂಡು, ಭಾಳ ಹಗುರ ಅದಾವಲ್ಲ, ಯಾರು ಮಾಡಿದ್ದು ಎಂದು ಕೇಳಿದಳು. ಅಂಗಡಿಯಿಂದ ತಂದದ್ದು ಎಂದೆ. ಮಾಡಿದಾಕೆ ನನ್ನ ಪಕ್ಕದಲ್ಲೇ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

ಎಲ್ಲರೂ ತಮ್ಮ ತಮ್ಮ ಪಾಠ ಒಪ್ಪಿಸಿದರು. ಮನೆಯವರು ಗಣಪತಿಯನ್ನು ಬಿಡದೆ ಹಿಡಿದುಕೊಂಡರು. ನನ್ನ ಸರದಿ ಬಂದಾಗ ನನಗೆ ನಿಜವಾಗಿಯೂ ಮೈಮೇಲೆ ಬಂದಿತು. ಈ ಓಣಿಯ ಹಿರಿಯ ಜೀವಗಳಿಗೆ ಈ ಕಟ್ಟೆ ಬಿಟ್ಟರೆ ಬೇರೆ ಆಸರೆ ಇಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಜನ ತಲೆದೂಗಿದ್ದು ಕಂಡು, ಪಾಪ, ಸುಡುವ ಬಿಸಿಲಿನಲ್ಲೇ ಕೂತಿರುತ್ತಾರೆ, ನೋಡಿದರೆ ಕರುಳು ಚುರುಕ್ಕೆನ್ನುತ್ತದೆ ಎಂದು ಸೇರಿಸಿದೆ. ಫೋರಮನ್ನರು ಟವೆಲಿನಿಂದ ಹಣೆ ಒರೆಸಿಕೊಂಡರು. ಹುಡುಗಿ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದಳು.

ಆಮೇಲೆ ಅವಳು ಪಕ್ಕದಾಕೆಯ ಕಡೆ ತಿರುಗಿ, ನೀವೇನು ಹೇಳುತ್ತೀರಿ ಎಂದು ಕೇಳಿದಳು. ಈಕೆ ಬಾಯಿ ತೆರೆದಳು. ನಾನು ನಡುವೆ ಬಿದ್ದು, ಅವರದೂ ಅದೇ ಅಭಿಪ್ರಾಯ, ಬರೆದುಕೊಳ್ಳಿ ಎಂದೆ.

ಹದಿನೈದು ದಿನಕ್ಕೆ ಗೇಟಿಗೆ ಹೊಸ ನಕ್ಷೆ ಬಂತು. ಕಾರಂಜಿ ಇರಲಿಲ್ಲ, ಕಟ್ಟೆ ಇತ್ತು. ನಾನು ಹೋಳಿಗೆ ಮಾಡಿ ಓಣಿಗೆಲ್ಲಾ ಹಂಚಿದೆ. ಅವರ ಇವರ ಬಾಯಲ್ಲಿ ನನ್ನ ಹೊಗಳಿಕೆ ಕೇಳಿ ಒಂದು ತಿಂಗಳು ನೆಲದ ಮೇಲೆ ನಡೆಯಲಿಲ್ಲ.

ಸಂಕ್ರಾಂತಿ ಆದ ಮೇಲೆ ಕೆಲಸದವರು ಬಂದು ಕಟ್ಟೆಯ ಸುತ್ತ ಕಬ್ಬಿಣದ ಕಂಬ ನಿಲ್ಲಿಸಿದರು. ದೀಪಕ್ಕಿರಬೇಕು ಎಂದುಕೊಂಡೆವು. ಮೂರನೆಯ ದಿನ ಕಂಬಗಳ ಮೇಲೆ ನೀಲಿ ತಗಡು ಬಂತು, ಈ ತುದಿಯಿಂದ ಆ ತುದಿಯವರೆಗೆ. ಹಿರಿಯ ನಾಗರಿಕರ ಕೋರಿಕೆಯ ಮೇರೆಗೆ ನೆರಳಿನ ವ್ಯವಸ್ಥೆ ಎಂದು ಬೋರ್ಡೂ ಬಂತು. ಫೋರಮನ್ನರು ಮೊದಲಿಗರಾಗಿ ಹೋಗಿ ಅದರಡಿ ಕೂತು, ತಂಪಾಗಿದೆ ಎಂದರು. ಆಮೇಲೆ ನನ್ನ ಮುಖ ನೋಡಿ ಎದ್ದುಬಿಟ್ಟರು.

ಪಕ್ಕದಾಕೆ ಬಂದು ಕಟ್ಟೆಯ ಮೇಲೆ ಅಂಗೈ ಊರಿ ನೋಡಿದಳು. ಮಧ್ಯಾಹ್ನ ಹನ್ನೆರಡು ಗಂಟೆಗೂ ಸಿಮೆಂಟು ತಣ್ಣಗಿತ್ತು. ಶಿವರಾತ್ರಿಗೆ ಎರಡು ವಾರವೂ ಇರಲಿಲ್ಲ, ಅವಳು ಅಕ್ಕಿ ತಂದು ಹಾಕಿಕೊಂಡಾಗಿತ್ತು.

"ಅಕ್ಕೋರ, ನನ್ನ ಸಲುವಾಗಿ ಎಲ್ಲಾರೂ ಮಾತಾಡಿದ್ರಿ," ಎಂದಳು. "ನನ್ನ ಒಬ್ಬಾಕಿನ್ನ ಯಾರೂ ಕೇಳಲಿಲ್ಲ."

ಸಿಟ್ಟಿನಿಂದ ಅಂದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಸಿಟ್ಟಾಗಲಿಲ್ಲ, ಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು. ನನಗೆ ನಾಚಿಕೆಯಾಯಿತು. ಅವಳಿಗೆ ಉಪಕಾರ ಮಾಡುವ ಭರದಲ್ಲಿ ಅವಳನ್ನೇ ಸಭೆಯಿಂದ ಹೊರಗಿಟ್ಟಿದ್ದೆ, ಅವಳ ಕೈಕೆಲಸವನ್ನು ಅವಳೆದುರಿಗೇ ಅಂಗಡಿಯ ಮಾಲು ಮಾಡಿದ್ದೆ.

ಮರುದಿನ ಬೆಳಿಗ್ಗೆ ಅವಳ ಬಾಗಿಲು ಬಡಿದು, "ನಡಿ, ನಗರಸಭೆ ಆಫೀಸಿಗೆ ಹೋಗೂಣು. ಮಾತು ನಿಂದು," ಎಂದೆ. ದಾರಿಯಲ್ಲಿ ಏನು ಹೇಳಬೇಕೆಂದು ಕಲಿಸುವ ಆಸೆ ಎರಡು ಸಲ ನಾಲಗೆಯ ತುದಿಗೆ ಬಂತು. ಸೆರಗು ಬಾಯಿಗೆ ಹಿಡಿದುಕೊಂಡು ನಡೆದೆ.

ಆಫೀಸಿನಲ್ಲಿ ಅವಳು ಅದೂ ಇದೂ ಹೇಳಲಿಲ್ಲ. ತಾನು ಸಂಡಿಗೆ ಮಾಡುವಾಕೆ, ತನ್ನ ಮನೆಯ ಮೇಲೆ ಬಿಸಿಲು ಬೀಳುವುದಿಲ್ಲ, ನಾಲ್ಕು ಸೀರೆ ಹಾಸುವಷ್ಟು ಬಿಸಿಲು ಸಿಕ್ಕರೆ ಸಾಕು, ನೆರಳು ತಾನು ಕೇಳಿಲ್ಲ ಎಂದಳು. ಇಂಜಿನಿಯರ್ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳು. ಪಾರ್ಕಿನಲ್ಲಿ ಅಂಗಡಿ ಹೂಡಬಾರದು ಅಷ್ಟೇ, ಒಣಗಿಸುವುದಕ್ಕೆ ಯಾರ ತಕರಾರೂ ಇಲ್ಲ ಎಂದಳು. ಮುಂಡಗೋಡದಲ್ಲಿ ಅವಳ ತಾಯಿ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಸಂಡಿಗೆ ಹಾಕುತ್ತಾಳಂತೆ. ನಾವು ಅಷ್ಟೆಲ್ಲಾ ಬಚ್ಚಿಟ್ಟದ್ದು ಇಂಥವಳಿಂದ.

"ಇದನ್ನ ಅವತ್ತ ಯಾಕ ಹೇಳಲಿಲ್ರಿ ಅಕ್ಕಾ?" ಎಂದು ಹುಡುಗಿ ಕೇಳಿದಳು.

"ಅವತ್ತ ನಮ್ಮ ಅಕ್ಕೋರು ಮಾತಾಡಾಕತ್ತಿದ್ರಲ್ರಿ," ಎಂದಳು ಪಕ್ಕದಾಕೆ. ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಎರಡು ದಿನ ಬಿಟ್ಟು ಹುಡುಗಿ ಒಂದು ಅಳತೆ ಟೇಪು ಹಿಡಿದು ಪಾರ್ಕಿಗೆ ಬಂದಳು. ತಗಡುಗಳನ್ನು ನಟ್ಟು ಬೋಲ್ಟು ಹಾಕಿ ಕೂಡಿಸಿದ್ದರಿಂದ ಅರ್ಧ ಭಾಗ ಬಿಚ್ಚಬಹುದು, ಉಳಿದರ್ಧ ಹಿರಿಯರಿಗಿರಲಿ ಎಂದಳು. ಯಾವ ಅರ್ಧ ಎಂದು ಕೇಳಿದಳು. ಫೋರಮನ್ನರೂ ನಾನೂ ಒಟ್ಟಿಗೇ ಶುರು ಮಾಡಿದೆವು. ಹುಡುಗಿ ನಮ್ಮ ಕಡೆ ನೋಡಲೇ ಇಲ್ಲ.

ಪಕ್ಕದಾಕೆ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದಳು. "ಶಿವರಾತ್ರಿ ಹೊತ್ತಿಗೆ ಬಿಸಲು ಇಲ್ಲಿ ಬೀಳತೈತ್ರಿ. ಯುಗಾದಿ ಆದಮ್ಯಾಲ ಆ ಮೂಲಿಗೆ ಸರೀತೈತಿ. ಈ ಕಡೆ ಮೂರು ಗಂಟಿ ಹೊಡೀತಂದ್ರ ಹಲಸಿನ ಗಿಡದ ನೆರಳು ಬರತೈತಿ, ಇದು ಅಜ್ಜಾರಿಗೆ ಇರಲಿ," ಎಂದು ಒಂದೊಂದೇ ಜಾಗವನ್ನು ಕಾಲಿನಿಂದ ತೋರಿಸಿದಳು.

ಆ ಪಾರ್ಕಿನ ಎದುರು ಇಪ್ಪತ್ತೆರಡು ವರ್ಷ ಇದ್ದವಳು ನಾನು. ಬಿಸಿಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹುಡುಗಿ ಟೇಪಿನ ಒಂದು ತುದಿಯನ್ನು ಫೋರಮನ್ನರಿಗೆ, ಇನ್ನೊಂದನ್ನು ನನಗೆ ಕೊಟ್ಟಳು. ಎಲ್ಲಿ ಹಿಡಿಯಬೇಕೆಂದು ಪಕ್ಕದಾಕೆ ಹೇಳಿದಳು, ನಾವು ಅಲ್ಲಿ ಹಿಡಿದೆವು.